ಪ್ರಶ್ನಪತ್ರಿಕೆಯ ಅಜ್ಞಾತ ಕಣ: ಒಂದು ಐತಿಹಾಸಿಕ ವಿವೇಚನೆ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಭೌತಶಾಸ್ತ್ರವನ್ನು ಅಭ್ಯಸಿಸುವ ವಿದ್ಯಾರ್ಥಿಗೆ ಒಂದು ಬಗೆಯ ಪ್ರಶ್ನೆ ಸುಪರಿಚಿತವಾದುದು. ನ್ಯೂಟ್ರಾನೊಂದು ಪ್ರೋಟಾನ್, ಎಲೆಕ್ಟ್ರಾನ್ ಹಾಗೂ ಮತ್ತೊಂದು ಕಣವಾಗಿ ಮಾರ್ಪಡುತ್ತದೆ. ಆ ಮೂರನೆಯದು ಯಾವುದು? ವಿದ್ಯುದಾವೇಶದ ಮೊತ್ತ ಎರಡೂ ಕಡೆ ಸೊನ್ನೆಯಾಗಬೇಕಾದುದರಿಂದ ಅದು ಆವೇಶರಹಿತವಾದುದು. ಎಲೆಕ್ಟ್ರಾನಿನ ಲೆಪ್ಟಾನ್ ಸಂಖ್ಯೆ +1. ಅದನ್ನು ಸರಿದೂಗಿಸಲು −1 ಬೇಕು. ಆದುದರಿಂದ ಅದು ಪ್ರತಿನ್ಯೂಟ್ರಿನೋ.

ಕೆಲವೇ ನಿಮಿಷಗಳ ಈ ಉತ್ತರಕ್ಕೆ ಇತಿಹಾಸದಲ್ಲಿ ದಶಕಗಳೇ ಹಿಡಿದುವು. ಬೀಟಾ ಕ್ಷಯದಲ್ಲಿ ಎಲೆಕ್ಟ್ರಾನುಗಳು ಒಂದೇ ನಿಯತ ಶಕ್ತಿಯಿಂದ ಹೊರಬೀಳುವುದಿಲ್ಲವೆಂಬುದನ್ನು ಚಾಡ್ವಿಕ್ಕನು 1914ರಲ್ಲಿ ಕಂಡನು. ಉಳಿದ ಶಕ್ತಿ ಎಲ್ಲಿ ಹೋಯಿತು? ಶಕ್ತಿಸಂರಕ್ಷಣೆಯ ನಿಯಮವನ್ನೇ ಇಲ್ಲಿ ಕೈಬಿಡಲು ಬೋರನು ಸಿದ್ಧನಾಗಿದ್ದನು. ಪೌಲಿಯಾದರೋ 1930ರ ಡಿಸೆಂಬರ್ 4ರ ಪತ್ರದಲ್ಲಿ ನಿಯಮವನ್ನು ಉಳಿಸಿಕೊಂಡು, ಯಾರೂ ಕಾಣದ ಕಣವೊಂದನ್ನು ಊಹಿಸಿದನು. ರೈನ್ಸ್ ಮತ್ತು ಕೋವನ್ ಅದನ್ನು ಪ್ರಯೋಗದಿಂದ ಸ್ಥಾಪಿಸಿದುದು 1956ರಲ್ಲಿ.

ಈ ಚರಿತ್ರೆಯಲ್ಲಿ ಕನ್ನಡನಾಡಿಗೂ ಸ್ಥಾನವುಂಟು. 1965ರಲ್ಲಿ ಕೋಲಾರದ ಚಿನ್ನದ ಗಣಿಯೊಳಗೆ, ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಹಾಗೂ ಒಸಾಕ, ಡರ್ಹ್ಯಾಮ್‌ಗಳ ವಿಜ್ಞಾನಿಗಳು ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಕುರುಹನ್ನು ಪಡೆದರು. ಇತರ ಕಣಗಳನ್ನು ಮೇಲಿನ ಬಂಡೆ ಬಹುಮಟ್ಟಿಗೆ ತಡೆದಿತ್ತು. ಆ ಗಣಿಗಳು 2001ರಲ್ಲಿ ಮುಚ್ಚಿದುವು.

ಇದರಿಂದ ನಾವು ಗ್ರಹಿಸಬೇಕಾದುದಿಷ್ಟೆ: ಸಂರಕ್ಷಣಾ ನಿಯಮಗಳು ಬಿಟ್ಟಸ್ಥಳ ತುಂಬುವ ಸೂತ್ರಗಳಾಗಿ ಹುಟ್ಟಿದುವಲ್ಲ. ನಿಯಮವನ್ನು ಬಿಡುವುದೋ, ಕಾಣದುದನ್ನು ನಂಬುವುದೋ ಎಂಬ ಸಂದಿಗ್ಧವನ್ನು ಅವು ದಾಟಿಬಂದಿವೆ. ಆ ಸಂದಿಗ್ಧವನ್ನು ತಿಳಿಸದೆ ಪಾಠ ಹೇಳಿದರೆ ವಿದ್ಯಾರ್ಥಿಗೆ ಅಂಕ ದೊರೆತೀತು. ಶಾಸ್ತ್ರದ ಅರಿವು ದೊರೆಯದು.