ಮೂರು ಮೆಗಾಹರ್ಟ್ಸ್‌ನ ಗೋಮಾಳ: ಸ್ಮಾರ್ಟ್ ಮೀಟರಿನ ರೇಡಿಯೊ ಕುರಿತು ಒಂದು ಟಿಪ್ಪಣಿ

ಸ್ಮಾರ್ಟ್ ಮೀಟರಿನ ಬಗ್ಗೆ ನಮ್ಮಲ್ಲಿ ನಡೆದಿರುವ ಚರ್ಚೆ ಹೆಚ್ಚಾಗಿ ಬೆಲೆ, ಟೆಂಡರು, ಪ್ರೀಪೇಯ್ಡ್ ಬಿಲ್ಲು ಇವುಗಳ ಸುತ್ತ ಸುತ್ತುತ್ತಿದೆ. 2025ರ ಫೆಬ್ರವರಿಯಲ್ಲಿ ಬೆಸ್ಕಾಂ ನಗರ ಪ್ರದೇಶದ ಹೊಸ ಸಂಪರ್ಕಗಳಿಗೆ ಈ ಮೀಟರನ್ನು ಕಡ್ಡಾಯ ಮಾಡಿದ ಮೇಲಂತೂ ಆ ಪ್ರಶ್ನೆಗಳು ಇನ್ನೂ ಜೋರಾದವು. ಅವು ಕೇಳಲೇಬೇಕಾದ ಪ್ರಶ್ನೆಗಳು. ಆದರೆ ಮೀಟರಿನೊಳಗೆ ಕೂತಿರುವ ಪುಟ್ಟ ರೇಡಿಯೊ ಯಾವ ಆವರ್ತನದಲ್ಲಿ ಮಾತಾಡುತ್ತದೆ, ಯಾರ ಜತೆ ಮಾತಾಡುತ್ತದೆ, ಅದರ ಮಾತು ಗೋಡೆ ದಾಟುತ್ತದೆಯೆ ಎಂದು ಕೇಳುವವರು ಕಡಿಮೆ. ಆ ರೇಡಿಯೊ ಸುಮ್ಮನಾದ ದಿನ ಸ್ಮಾರ್ಟ್ ಮೀಟರು ಹಳೆಯ ಮೀಟರೇ ಆಗಿಬಿಡುತ್ತದೆ. ರೀಡಿಂಗ್ ತೆಗೆಯಲು ಮತ್ತೆ ಮನುಷ್ಯನೇ ಬರಬೇಕು.

ನನ್ನ ವಾದವನ್ನು ಮೊದಲೇ ಹೇಳುತ್ತೇನೆ. ಮೀಟರಿನ ರೇಡಿಯೊವನ್ನು ಆರಿಸಬೇಕಾದ್ದು ಮೀಟರು ಇರುವ ಜಾಗವನ್ನು ನೋಡಿ. ಕಂಪನಿಯ ಕೈಪಿಡಿಯಲ್ಲಿ ಅಚ್ಚಾದ ಕಿಲೋಮೀಟರುಗಳನ್ನು ನೋಡಿ ಆರಿಸಿದರೆ ಆಯ್ಕೆ ತಪ್ಪುತ್ತದೆ. ಪರವಾನಗಿ ಬೇಡದ ಬ್ಯಾಂಡನ್ನು ನೆಚ್ಚಿ ಕೋಟಿಗಟ್ಟಲೆ ಮೀಟರು ಹಾಕುವುದಾದರೆ ಆ ಬ್ಯಾಂಡಿನ ಬಳಕೆಗೆ ಒಂದು ಶಿಸ್ತನ್ನೂ ಈಗಲೇ ಕಟ್ಟಿಕೊಳ್ಳಬೇಕು.

ಮೀಟರಿನ ಅಂಕಿ ಕಂಪನಿಯ ಸರ್ವರನ್ನು ತಲುಪಲು ಭಾರತದಲ್ಲಿ ಸದ್ಯ ಎರಡು ದೊಡ್ಡ ದಾರಿಗಳಿವೆ. ಒಂದರಲ್ಲಿ ಪ್ರತಿ ಮೀಟರಿಗೂ ಒಂದು ಸಿಮ್. ಮೊಬೈಲ್ ಗೋಪುರದ ಜತೆ ನೇರ ಸಂಪರ್ಕ. ಇನ್ನೊಂದು ಆರ್‌ಎಫ್ ಮೆಶ್: ಒಂದು ಮೀಟರು ಪಕ್ಕದ ಮೀಟರಿಗೆ, ಅದು ಅದರಾಚೆಯದಕ್ಕೆ ಸಂದೇಶ ದಾಟಿಸುತ್ತ ಹೋಗಿ, ಕೊನೆಗೆ ಕಂಬದ ಮೇಲಿನ ಸಂಗ್ರಾಹಕ ಪೆಟ್ಟಿಗೆಗೆ ಮುಟ್ಟಿಸುತ್ತದೆ. ಈ ಮೆಶ್ ಮಾತಾಡುವುದು 865ರಿಂದ 868 ಮೆಗಾಹರ್ಟ್ಸ್ ನಡುವೆ. 2005ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 865–867 ಮೆಗಾಹರ್ಟ್ಸನ್ನು ಪರವಾನಗಿಯಿಂದ ಮುಕ್ತ ಮಾಡಿತು. 2021ರಲ್ಲಿ ಅದಕ್ಕೆ ಇನ್ನೊಂದು ಮೆಗಾಹರ್ಟ್ಸ್ ಸೇರಿತು. ಅಗಲ ಇಷ್ಟೇ, ಮೂರು ಮೆಗಾಹರ್ಟ್ಸ್. ವೈಫೈಗೆ ಸಿಕ್ಕಿರುವ 2.4 ಗಿಗಾಹರ್ಟ್ಸ್ ಬ್ಯಾಂಡಿನ ಅಗಲ 83.5 ಮೆಗಾಹರ್ಟ್ಸ್ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಇದು ಎಷ್ಟು ಇಕ್ಕಟ್ಟಿನ ಜಾಗ ಎಂದು ತಿಳಿಯುತ್ತದೆ.

ಇಷ್ಟು ಇಕ್ಕಟ್ಟಿದ್ದರೂ ಮೀಟರಿನವರು ಇಲ್ಲಿಗೇ ಬರುವುದಕ್ಕೆ ಭೌತಶಾಸ್ತ್ರದಲ್ಲಿ ಕಾರಣವಿದೆ. ಆಂಟೆನಾಗಳ ಗುಣ ಒಂದೇ ಎಂದಿಟ್ಟುಕೊಂಡರೆ, ಬಯಲಿನಲ್ಲಿ ಅಷ್ಟೇ ದೂರಕ್ಕೆ 866 ಮೆಗಾಹರ್ಟ್ಸ್‌ನ ಸಂಕೇತ 2.4 ಗಿಗಾಹರ್ಟ್ಸ್‌ಗಿಂತ ಸುಮಾರು 9 ಡೆಸಿಬೆಲ್ ಕಡಿಮೆ ನಷ್ಟದಲ್ಲಿ ತಲುಪುತ್ತದೆ. ಅಂದರೆ ಏಳೂವರೆ ಪಟ್ಟಿಗಿಂತ ಹೆಚ್ಚಿನ ಶಕ್ತಿ ಕೈಗೆ ಸಿಗುತ್ತದೆ. ಇಟ್ಟಿಗೆ, ಕಾಂಕ್ರೀಟು, ಮಳೆಯಲ್ಲಿ ನೆಂದ ಎಲೆ ಎದುರಾದರೆ ಈ ಅಂತರ ಸಾಮಾನ್ಯವಾಗಿ ಇನ್ನೂ ಹಿಗ್ಗುತ್ತದೆ.

ಬ್ರಿಟನ್ನಿನವರು ಇದನ್ನು ದೇಶದ ಮಟ್ಟದಲ್ಲಿ ಲೆಕ್ಕ ಹಾಕಿದ್ದರು. ಅಲ್ಲಿ ಕರೆಂಟ್ ಮೀಟರು, ಗ್ಯಾಸ್ ಮೀಟರು ಮತ್ತು ಬಳಕೆ ತೋರಿಸುವ ಪುಟ್ಟ ಪರದೆ ಮೂರೂ ಮನೆಯೊಳಗೆ ಜಿಗ್‌ಬೀ ಎಂಬ ಅಲ್ಪದೂರದ ರೇಡಿಯೊ ಮೂಲಕ ಮಾತಾಡಿಕೊಳ್ಳಬೇಕು. 2.4 ಗಿಗಾಹರ್ಟ್ಸ್ ಒಂದನ್ನೇ ನೆಚ್ಚಿದರೆ ಸುಮಾರು 70% ಮನೆಗಳಲ್ಲಿ ಮಾತ್ರ ಇದು ಕೆಲಸ ಮಾಡುತ್ತದೆ, 868 ಮೆಗಾಹರ್ಟ್ಸನ್ನೂ ಸೇರಿಸಿದರೆ 96%ರ ಆಸುಪಾಸಿಗೆ ಏರುತ್ತದೆ ಎಂಬುದು ಅವರ ಅಂದಾಜು. ಉಳಿದವು ಮುಖ್ಯವಾಗಿ ಎತ್ತರದ ಫ್ಲಾಟುಗಳು: ಮೀಟರು ಕೆಳಗೆಲ್ಲೋ, ಮನೆ ಮೇಲೆಲ್ಲೋ. ಅವುಗಳಿಗೆಂದೇ ಬೇರೆ ವ್ಯವಸ್ಥೆ ಕಟ್ಟಬೇಕಾಯಿತು.

ಈ ಫ್ಲಾಟುಗಳ ಸಮಸ್ಯೆ ಬೆಂಗಳೂರಿನವರಿಗೆ ಚೆನ್ನಾಗಿ ಗೊತ್ತಿರುವಂಥದ್ದೇ. ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಮೀಟರುಗಳೆಲ್ಲ ಸಾಲಾಗಿ ಬೇಸ್‌ಮೆಂಟಿನ ಕಬ್ಬಿಣದ ಪ್ಯಾನೆಲ್ಲಿನೊಳಗೆ ಕೂತಿರುತ್ತವೆ. ಆ ಪ್ಯಾನೆಲ್ಲನ್ನು ಹತ್ತಿರದಿಂದ ನೋಡಬೇಕು. ದಪ್ಪ ತಗಡಿನ ಬಾಗಿಲು. ರೀಡಿಂಗ್ ಕಾಣಲು ಪ್ರತಿ ಮೀಟರಿನ ಎದುರು ಒಂದು ಗಾಜಿನ ಕಿಂಡಿ. ಕೆಳಗೆ ಕೇಬಲ್ ಹೊಗಿಸುವ ತೂತುಗಳು. ರೇಡಿಯೊ ಅಲೆ ಹೊರಬರಬೇಕಾದರೆ ಈ ಕಿಂಡಿಗಳೇ ಗತಿ. ಕಿಂಡಿಯ ಉದ್ದ ಅಲೆಯ ಅರ್ಧ ತರಂಗಾಂತರಕ್ಕಿಂತ ಚಿಕ್ಕದಾದಷ್ಟೂ ಅಲೆ ನುಸುಳುವುದು ಕಷ್ಟ. 866 ಮೆಗಾಹರ್ಟ್ಸ್‌ನ ಅರ್ಧ ತರಂಗಾಂತರ ಸುಮಾರು 17 ಸೆಂಟಿಮೀಟರು, 2.4 ಗಿಗಾಹರ್ಟ್ಸ್‌ನದು 6 ಸೆಂಟಿಮೀಟರು ಚಿಲ್ಲರೆ. ಹೀಗಾಗಿ ಹತ್ತು ಸೆಂಟಿಮೀಟರಿನ ಕಿಂಡಿ ಎದುರಾದಾಗ ಲೆಕ್ಕ ತಿರುಗುಮುರುಗಾಗುತ್ತದೆ. ಗೋಡೆಯನ್ನು ಸುಲಭವಾಗಿ ದಾಟುವ ಉದ್ದ ಅಲೆಯೇ ಇಲ್ಲಿ ಹೆಚ್ಚು ತಿಣುಕುತ್ತದೆ. ಸಿಮ್ ಇರುವ ಮೀಟರಿಗೂ ಇದೇ ಪೆಟ್ಟಿಗೆ, ಇದೇ ಕಿಂಡಿ. ಜತೆಗೆ ಬೇಸ್‌ಮೆಂಟಿಗೆ ಮೊಬೈಲ್ ಸಿಗ್ನಲ್ಲೇ ಇಳಿಯದಿರುವ ತೊಂದರೆ ಬೇರೆ. ಪರಿಹಾರವೇನೂ ದುಬಾರಿಯದಲ್ಲ. ಪ್ಯಾನೆಲ್ಲಿನ ಹೊರಗೆ ತಂತಿ ಎಳೆದು ಒಂದು ಆಂಟೆನಾ ಕೂರಿಸಿದರೆ ಬಹಳಷ್ಟು ಕಡೆ ಸಾಕಾಗುತ್ತದೆ. 866 ಮೆಗಾಹರ್ಟ್ಸ್‌ಗೆ ಕಾಲು ತರಂಗಾಂತರದ ಆಂಟೆನಾ ಬೆರಳುದ್ದವನ್ನು ಮೀರುವುದಿಲ್ಲ. ಆದರೆ ಇದನ್ನು ಪ್ಯಾನೆಲ್ ಕಟ್ಟುವಾಗಲೇ ಯೋಚಿಸಬೇಕು. ಕಟ್ಟಡದ ವಿದ್ಯುತ್ ನಕ್ಷೆಗೆ ಒಪ್ಪಿಗೆ ಕೊಡುವ ಹಂತದಲ್ಲೇ ಆಂಟೆನಾಕ್ಕೊಂದು ಜಾಗ ಗುರುತಿಸುವ ನಿಯಮ ಬರಬೇಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಮಾರಾಟದ ಮಾತಿನಲ್ಲಿ ಅತಿ ಹೆಚ್ಚು ಕೇಳಿಬರುವುದು ದೂರ. ಲೋರಾ ತಂತ್ರಜ್ಞಾನ ಇದಕ್ಕೆ ಒಳ್ಳೆಯ ಉದಾಹರಣೆ. ಫ್ರಾನ್ಸಿನ ಗ್ರೆನೋಬಲ್‌ನ ಸೈಕ್ಲಿಯೊ ಎಂಬ ಸಣ್ಣ ಕಂಪನಿ ಬೆಳೆಸಿದ ಈ ವಿಧಾನವನ್ನು 2012ರಲ್ಲಿ ಸೆಮ್‌ಟೆಕ್ ಕೊಂಡುಕೊಂಡಿತು. ಸಂಕೇತವನ್ನು ನಿಧಾನವಾಗಿ ಏರುವ ಶಿಳ್ಳೆಯಂತೆ ಎಳೆದು ಕಳಿಸುವುದರಿಂದ, ಗದ್ದಲದ ಮಟ್ಟಕ್ಕಿಂತ ಕೆಳಗಿದ್ದರೂ ಅದನ್ನು ಹಿಡಿಯಬಹುದು. ಅದ್ಭುತ ಕೆಲಸ, ಅನುಮಾನವಿಲ್ಲ. ಆದರೆ ದೂರಕ್ಕೆ ಕೊಡುವ ಬೆಲೆ ಸಮಯ. ಕೈಯಲ್ಲೇ ಲೆಕ್ಕ ಹಾಕಿ ನೋಡೋಣ. ಹದಿನೈದು ನಿಮಿಷಕ್ಕೊಂದು ದಾಖಲೆಯಾದರೆ ಮೀಟರಿನಲ್ಲಿ ದಿನಕ್ಕೆ 96 ದಾಖಲೆ. ಒಂದೊಂದಕ್ಕೆ 40 ಬೈಟ್ ಎಂದಿಟ್ಟುಕೊಂಡರೆ ದಿನಕ್ಕೆ 3,840 ಬೈಟ್. ಲೋರಾದ ಅತಿ ನಿಧಾನದ, ಅಂದರೆ ಅತಿ ದೂರದ ವೇಗದಲ್ಲಿ ಒಂದು ಪ್ಯಾಕೆಟ್ಟಿಗೆ ಹಿಡಿಸುವುದು 51 ಬೈಟ್. ಅದು ಗಾಳಿಯಲ್ಲಿ ಇರುವ ಹೊತ್ತು ಸುಮಾರು 2.8 ಸೆಕೆಂಡು. ಒಂದು ಮೀಟರಿಗೆ 76 ಪ್ಯಾಕೆಟ್, ಮೂರೂವರೆ ನಿಮಿಷ. ಒಂದು ಬಡಾವಣೆಯ 500 ಮೀಟರುಗಳು ಒಂದೇ ಚಾನೆಲ್ಲಿನಲ್ಲಿ ಸರದಿಯಾಗಿ ಮಾತಾಡಿದರೆ 29 ಗಂಟೆ ಬೇಕು. ದಿನಕ್ಕಿರುವುದು 24!

ಅದೇ ಲೋರಾವನ್ನು ಅತಿ ವೇಗದ ಹಂತಕ್ಕೆ ತಂದರೆ 500 ಮೀಟರುಗಳ ಕೆಲಸ ಒಂದು ಗಂಟೆಯೊಳಗೆ ಮುಗಿಯುತ್ತದೆ, ಆದರೆ ಆಗ ಕೈಪಿಡಿಯ ಕಿಲೋಮೀಟರುಗಳು ಇರುವುದಿಲ್ಲ. ಆರ್‌ಎಫ್ ಮೆಶ್‌ನಲ್ಲಿ ಸೆಕೆಂಡಿಗೆ 50 ಕಿಲೋಬಿಟ್ ವೇಗ, ಮೀಟರಿನಿಂದ ಮೀಟರಿಗೆ ಸರಾಸರಿ ನಾಲ್ಕು ನೆಗೆತ ಎಂದು ಹಿಡಿದರೆ ಬರಿಯ ದತ್ತಾಂಶಕ್ಕೆ ಇಪ್ಪತ್ತು ನಿಮಿಷ. ದಾರಿ ಹುಡುಕುವ, ಸ್ವೀಕೃತಿ ಕೊಡುವ, ಬೀಗಮುದ್ರೆ ಹಾಕುವ ಮಾತುಗಳನ್ನೆಲ್ಲ ಸೇರಿಸಿ ಮೂರು ಪಟ್ಟು ಮಾಡಿದರೂ ಒಂದು ಗಂಟೆ. ಹಾಗಾಗಿ ನೀರಿನ ಮೀಟರಿನಂತೆ ದಿನಕ್ಕೆ ಒಂದೋ ಎರಡೋ ಅಂಕಿ ಕಳಿಸುವ, ಬ್ಯಾಟರಿಯಲ್ಲಿ ವರ್ಷಗಟ್ಟಲೆ ಬಾಳಬೇಕಾದ ಸಾಧನಕ್ಕೆ ಲೋರಾ ಹೇಳಿ ಮಾಡಿಸಿದ್ದು. ಹದಿನೈದು ನಿಮಿಷದ ದಾಖಲೆ ಕೇಳುವ ಕರೆಂಟ್ ಮೀಟರಿಗೆ ಅದನ್ನು ಶಿಫಾರಸು ಮಾಡುವವರು ಗಾಳಿಸಮಯದ ಲೆಕ್ಕವನ್ನು ಮೊದಲು ಮೇಜಿನ ಮೇಲಿಡಬೇಕು.

ಈಗ ಬ್ಯಾಂಡಿನ ಹಂಚಿಕೆಯ ಮಾತು. 2005ರ ನಿಯಮದ ಪ್ರಕಾರ ಈ ಜಾಗ ಹಂಚಿಕೆಯದು: ಬೇರೆಯವರಿಗೆ ಅಡಚಣೆ ಮಾಡುವಂತಿಲ್ಲ, ತನಗೆ ಅಡಚಣೆಯಾಯಿತೆಂದು ರಕ್ಷಣೆಯನ್ನೂ ಕೇಳುವಂತಿಲ್ಲ. ಟ್ರಾನ್ಸ್‌ಮಿಟರಿನ ಶಕ್ತಿಗೆ 1 ವ್ಯಾಟ್, ಆಂಟೆನಾದಿಂದ ಹೊರಡುವ ಪರಿಣಾಮಕಾರಿ ಶಕ್ತಿಗೆ 4 ವ್ಯಾಟ್, ವಾಹಕದ ಅಗಲಕ್ಕೆ 200 ಕಿಲೋಹರ್ಟ್ಸ್ ಎಂಬ ಮಿತಿಗಳಿವೆ. ಯುರೋಪಿನ 868 ಮೆಗಾಹರ್ಟ್ಸ್ ನೆರೆಯಲ್ಲಿ ಹೆಚ್ಚಿನ ಉಪಬ್ಯಾಂಡುಗಳಿಗೆ ಶಕ್ತಿಯ ಮಿತಿ 25 ಮಿಲಿವ್ಯಾಟ್; ಅದರ ಜತೆಗೆ ಒಂದು ಸಾಧನ ಗಂಟೆಯ ಹೊತ್ತಿನಲ್ಲಿ ಶೇಕಡಾ ಇಷ್ಟಕ್ಕಿಂತ ಹೆಚ್ಚು ಕಾಲ ಮಾತಾಡಬಾರದು, ಇಲ್ಲವೆ ಬಾಯಿ ತೆರೆಯುವ ಮೊದಲು ಕಿವಿಗೊಡಬೇಕು ಎಂಬ ಕಟ್ಟಳೆಯೂ ಇದೆ. ನಮ್ಮ 2005ರ ನಿಯಮ ಎಷ್ಟು ಗಟ್ಟಿಯಾಗಿ ಮಾತಾಡಬಹುದು ಎಂದು ಹೇಳುತ್ತದೆ, ಎಷ್ಟು ಹೊತ್ತು ಎಂದು ಹೇಳುವುದಿಲ್ಲ. ಊರಿನ ಗೋಮಾಳದಲ್ಲಿ ಯಾರ ದನ ಬೇಕಾದರೂ ಮೇಯಬಹುದು ಎಂದು ಬರೆದು, ಎಷ್ಟು ದನ, ಎಷ್ಟು ಹೊತ್ತು ಎಂಬುದನ್ನು ಬಿಟ್ಟಂತಾಗಿದೆ ಇದು.

ಮೇಯುವವರು ಯಾರು ಯಾರು? ಟೋಲ್‌ಗೇಟಿನಲ್ಲಿ ನಮ್ಮ ಕಾರಿನ ಗಾಜಿನ ಮೇಲಿರುವ ಫಾಸ್ಟ್ಯಾಗನ್ನು ಓದುವ ಯಂತ್ರ ಇದೇ ಬ್ಯಾಂಡಿನಲ್ಲಿ ಕೆಲಸ ಮಾಡುತ್ತದೆ. ಫಾಸ್ಟ್ಯಾಗಿಗೆ ಸ್ವಂತ ಬ್ಯಾಟರಿಯಿಲ್ಲ. ಓದುಯಂತ್ರ ಬೀರುವ ಅಲೆಯಿಂದಲೇ ಅದು ಜೀವ ಪಡೆಯಬೇಕಾದ್ದರಿಂದ ಆ ಯಂತ್ರದ ದನಿ ಜೋರಾಗಿಯೇ ಇರಬೇಕು. ಗೋದಾಮುಗಳಲ್ಲಿ, ಬಟ್ಟೆ ಅಂಗಡಿಗಳಲ್ಲಿ ಸರಕು ಎಣಿಸುವ ಆರ್‌ಎಫ್‌ಐಡಿ ಯಂತ್ರಗಳೂ ಇಲ್ಲಿಯವೇ. ಭಾರತಕ್ಕೆಂದು ನಿಗದಿಯಾದ ಲೋರಾವಾನ್ ಚಾನೆಲ್ಲುಗಳು, ಮನೆಯ ದೀಪ-ಬೀಗಗಳನ್ನು ಆಡಿಸುವ ಜೀ-ವೇವ್, ಇವುಗಳ ನಡುವೆ ಮೀಟರುಗಳು. 2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ 3,03,758 ಕೋಟಿ ರೂಪಾಯಿಯ ವಿದ್ಯುತ್ ವಿತರಣಾ ಸುಧಾರಣಾ ಯೋಜನೆಯ ಗುರಿ 25 ಕೋಟಿ ಪ್ರೀಪೇಯ್ಡ್ ಸ್ಮಾರ್ಟ್ ಮೀಟರು. ಅವುಗಳಲ್ಲಿ ಒಂದು ಪಾಲು ಮೆಶ್ ಆದರೂ ಈ ಮೂರು ಮೆಗಾಹರ್ಟ್ಸ್‌ನ ಮೇಲೆ ಬೀಳುವ ಹೊರೆ ಸಣ್ಣದಲ್ಲ. ಇಂದು ಅಡಚಣೆ ಎದ್ದು ಕಾಣದಿರಬಹುದು. ನಿಯಮ ಮಾಡಬೇಕಾದ್ದು ಜಾಗ ತುಂಬುವ ಮೊದಲೇ. ತುಂಬಿದ ಮೇಲೆ ಗೋಡೆಯಲ್ಲಿ ಕೂತ ಕೋಟ್ಯಂತರ ಯಂತ್ರಗಳ ಅಭ್ಯಾಸ ತಿದ್ದಲಾಗದು. ಕೇಳಿ ಮಾತಾಡುವ ಕಟ್ಟಳೆ ಮತ್ತು ಗಾಳಿಸಮಯದ ಮಿತಿ, ಈ ಎರಡನ್ನಾದರೂ ಸೇರಿಸುವುದು ತುರ್ತು.

ಸಿಮ್ ದಾರಿಯಲ್ಲಿ ಈ ಹಂಚಿಕೆಯ ತೊಡಕಿಲ್ಲ, ಬ್ಯಾಂಡು ಮೊಬೈಲ್ ಕಂಪನಿಯ ಸ್ವಂತದ್ದು. ಆದರೆ ಅಲ್ಲಿ ಆಯುಷ್ಯದ ತೊಡಕಿದೆ. ಬ್ರಿಟನ್ನು ತನ್ನ ಮಧ್ಯ ಮತ್ತು ದಕ್ಷಿಣ ಭಾಗದ ಮೀಟರುಗಳನ್ನು 2ಜಿ, 3ಜಿ ಜಾಲಕ್ಕೆ ಜೋಡಿಸಿತು. ಉತ್ತರ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿಗೆ ಮಾತ್ರ ದೂರಗಾಮಿ ರೇಡಿಯೊದ ಪ್ರತ್ಯೇಕ ಜಾಲ ಕಟ್ಟಿತು. ಗುಡ್ಡಗಾಡಿಗೆ ಒಂದು, ಬಯಲಿಗೆ ಒಂದು ಎಂಬ ಆ ವಿವೇಕ ಮೆಚ್ಚುವಂಥದ್ದು. ಆದರೆ ಅಲ್ಲಿನ ಮೊಬೈಲ್ ಕಂಪನಿಗಳು 2033ರೊಳಗೆ 2ಜಿ, 3ಜಿ ಎರಡನ್ನೂ ಮುಚ್ಚಲು ಒಪ್ಪಿವೆ. ಮೀಟರು ಗಟ್ಟಿಯಾಗಿರುವಾಗಲೇ ಅದರ ಸಂವಹನ ಪೆಟ್ಟಿಗೆಯನ್ನು ಬದಲಿಸುವ ಖರ್ಚು ಅವರ ಮೇಲೆ ಬಿದ್ದಿದೆ. ನಮ್ಮಲ್ಲೂ ಏರ್‌ಟೆಲ್ 2020ರಲ್ಲೇ 3ಜಿ ಮುಚ್ಚಿತು. ಸ್ಮಾರ್ಟ್ ಮೀಟರಿನ ಭಾರತೀಯ ಮಾನಕ ಐಎಸ್ 16444 ಬಂದದ್ದು 2015ರಲ್ಲಿ. ಅದರಲ್ಲಿ ರೇಡಿಯೊವನ್ನು ಮೀಟರಿನೊಳಗೇ ಬೆಸೆಯುವುದಕ್ಕೂ, ಕಳಚಿ ಹಾಕುವ ತುಂಡಾಗಿ ಕೂರಿಸುವುದಕ್ಕೂ ಅವಕಾಶವಿದೆ. ಕಳಚಿ ಹಾಕುವುದನ್ನೇ ಕಡ್ಡಾಯ ಮಾಡುವುದು ಒಳ್ಳೆಯದು. ಅದರ ಹೆಚ್ಚುವರಿ ಬೆಲೆ ಎಷ್ಟೇ ಇರಲಿ, ಮೀಟರನ್ನೇ ಕಿತ್ತು ಹಾಕುವುದಕ್ಕಿಂತ ಅಗ್ಗ.

ಮಲೆನಾಡಿನ ಸಂಗತಿ ಬೇರೆ. ಅಲ್ಲಿ ಒಂದು ಮನೆಗೂ ಇನ್ನೊಂದಕ್ಕೂ ನಡುವೆ ತೋಟ, ಹಳ್ಳ, ಗುಡ್ಡದ ನೆತ್ತಿ. ಮೆಶ್ ಎಂಬುದು ಅಕ್ಕಪಕ್ಕದ ಮನೆಗಳಿದ್ದರೆ ಮಾತ್ರ ಬದುಕುವ ಜಾಲ. ದಾರಿಯ ನಡುವಿನ ಒಂದು ಮೀಟರು ಕೈಕೊಟ್ಟರೆ ಅದರಾಚೆಯವು ಮೂಕವಾಗುತ್ತವೆ. ಸಿಮ್ ಹಾಕೋಣವೆಂದರೆ ತೋಟದ ಮನೆಯವರು ಸಿಗ್ನಲ್ ಹುಡುಕಿಕೊಂಡು ದಿಬ್ಬ ಹತ್ತುವುದು ಇಂದಿಗೂ ಉಂಟು. 2016ರಲ್ಲಿ ಮಾನಕವಾದ, ಮೊಬೈಲ್ ಜಾಲದ್ದೇ ಆದ ಎನ್‌ಬಿ-ಐಒಟಿ ಹಳೆಯ ಜಿಪಿಆರ್‌ಎಸ್‌ಗಿಂತ 20 ಡೆಸಿಬೆಲ್ ಆಳಕ್ಕೆ ಇಳಿಯುವಂತೆ ರೂಪಿಸಿದ ತಂತ್ರ. ಒಂದೇ ಮಾತನ್ನು ಹಲವು ಸಲ ಪುನರಾವರ್ತಿಸಿ ಅದು ಆ ಆಳ ಗಳಿಸುತ್ತದೆ. ಇಂಥ ಕಡೆ ಮೊದಲು ಪರೀಕ್ಷಿಸಬೇಕಾದ್ದು ಅದನ್ನೇ. ಪರೀಕ್ಷೆಯನ್ನು ಜುಲೈ ತಿಂಗಳ ಮಳೆಯಲ್ಲಿ ಮಾಡಬೇಕು. ಫೆಬ್ರವರಿಯ ಒಣ ಎಲೆಗಳ ನಡುವೆ ಬಂದ ಫಲಿತಾಂಶ ಸಾಲದು.

ಕರ್ನಾಟಕಕ್ಕೆ ಈ ಕ್ಷೇತ್ರದಲ್ಲಿ ಹಿಂದಿನ ಅನುಭವವಿದೆ. ಕೇಂದ್ರ ಸರ್ಕಾರ ದೇಶದಲ್ಲಿ ಮಂಜೂರು ಮಾಡಿದ ಆರಂಭಿಕ ಸ್ಮಾರ್ಟ್ ಗ್ರಿಡ್ ಪ್ರಾಯೋಗಿಕ ಯೋಜನೆಗಳಲ್ಲಿ ಮೈಸೂರಿನ ವಿ.ವಿ. ಮೊಹಲ್ಲಾದ್ದೂ ಒಂದು. ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ ಅಲ್ಲಿ ಸುಮಾರು 21,800 ಗ್ರಾಹಕರನ್ನು ಸೇರಿಸಿಕೊಂಡಿತು. ಮನೆ, ಅಂಗಡಿ, ಕಾರ್ಖಾನೆಗಳ ಜತೆ ನೀರಾವರಿ ಪಂಪ್‌ಸೆಟ್ಟುಗಳೂ ಅದರಲ್ಲಿದ್ದವು. ನಗರದ ದಟ್ಟ ಬೀದಿ ಮತ್ತು ಹೊಲದ ನಡುವಿನ ಒಂಟಿ ಪಂಪು ಎರಡೂ ಒಂದೇ ಯೋಜನೆಯಲ್ಲಿ ಸಿಗುವುದು ಸಂಶೋಧಕರಿಗೆ ದೊಡ್ಡ ಅವಕಾಶ. ಯಾವ ಮೀಟರು ಯಾವ ದಿನ ಮಾತಾಡಲಿಲ್ಲ, ಅದು ಎಂಥ ಪೆಟ್ಟಿಗೆಯಲ್ಲಿತ್ತು, ಹತ್ತಿರದ ಕಂಬ ಎಷ್ಟು ದೂರ ಎಂಬ ದಾಖಲೆಗಳನ್ನು ಗ್ರಾಹಕರ ಹೆಸರು, ವಿಳಾಸ ತೆಗೆದುಹಾಕಿ ವಿಶ್ವವಿದ್ಯಾಲಯಗಳಿಗೆ ಕೊಟ್ಟರೆ, ಮುಂದಿನ ಟೆಂಡರಿನ ಸಂವಹನದ ಅಧ್ಯಾಯವನ್ನು ಕಂಪನಿಗಳ ಕೈಪಿಡಿಯ ಬದಲು ಆ ದಾಖಲೆಗಳನ್ನೇ ಇಟ್ಟುಕೊಂಡು ಬರೆಯಬಹುದು.