ಒಂದು ಚುಕ್ಕಿಯ ಕಥೆ: ಲಿನಕ್ಸಿನಲ್ಲಿ ನಮ್ಮ ಸೆಟ್ಟಿಂಗುಗಳು ಎಲ್ಲಿರ್ತವೆ?

ಉಬುಂಟುವಿನಲ್ಲಿ ನಿಮ್ಮ ಹೋಮ್ ಫೋಲ್ಡರ್ ತೆರೆದು ಕಂಟ್ರೋಲ್ ಮತ್ತು ಎಚ್ ಕೀಲಿಗಳನ್ನ ಒಟ್ಟಿಗೆ ಒತ್ತಿ ನೋಡಿ. ಅಲ್ಲಿಯವರೆಗೂ ಕಾಣದಿದ್ದ ಹತ್ತಾರು ಫೋಲ್ಡರುಗಳು ದಿಢೀರಂತ ಎದ್ದು ಬರ್ತವೆ. ಎಲ್ಲದರ ಹೆಸರೂ ಒಂದು ಚುಕ್ಕಿಯಿಂದ ಶುರು. ನೀವು ಆರಿಸಿಟ್ಟ ಕೀಬೋರ್ಡ್ ಲೇಔಟು, ಆಫೀಸ್ ತಂತ್ರಾಂಶಕ್ಕೆ ಕಲಿಸಿದ ಪದಗಳು, ಬೇರೆ ಬೇರೆ ಆಯ್ಕೆಗಳು... ಬಹುತೇಕ ಎಲ್ಲಾ ಇಲ್ಲೇ ಅಡಗಿ ಕೂತಿರೋದು. ಬ್ಯಾಕಪ್ ಅಂದ್ರೆ ಫೋಟೋ, ಹಾಡು, ಡಾಕ್ಯುಮೆಂಟು ಅಂದುಕೊಂಡೋರು ಇವನ್ನ ಬಿಟ್ಟೇ ಬಿಡ್ತಾರೆ. ಕಾಣಲ್ಲ ನೋಡಿ, ಅದಕ್ಕೆ!

ಈ ಚುಕ್ಕಿ ಪದ್ಧತಿ ಯಾರೋ ಕೂತು ಯೋಚಿಸಿ ಮಾಡಿದ್ದಲ್ಲ. ಬೆಲ್ ಲ್ಯಾಬ್ಸಿನಲ್ಲಿದ್ದ ರಾಬ್ ಪೈಕ್ 2012ರಲ್ಲಿ ಇದರ ಕಥೆ ಬರೆದಿದ್ದಾರೆ. ಯುನಿಕ್ಸಿನ ಪ್ರತಿ ಫೋಲ್ಡರಿನಲ್ಲೂ ಒಂದು ಚುಕ್ಕಿ, ಎರಡು ಚುಕ್ಕಿ ಅನ್ನೋ ಎರಡು ಹೆಸರು ಇರ್ತವೆ. ಮೊದಲನೆಯದು ಇದೇ ಫೋಲ್ಡರು, ಎರಡನೆಯದು ಇದರ ಮೇಲಿನದು. ಪಟ್ಟಿಯಲ್ಲಿ ಇವೆರಡು ಬರೋದು ಬೇಡ ಅಂತ ಯಾರೋ ಎಲ್‌ಎಸ್ ಕಮಾಂಡಿನಲ್ಲಿ ಒಂದು ಸಾಲು ಸೇರಿಸಿದರು. ಪೂರ್ತಿ ಹೆಸರು ಹೋಲಿಸೋ ಬದಲು ಮೊದಲ ಅಕ್ಷರ ಚುಕ್ಕಿಯಾ ಅಂತ ಮಾತ್ರ ನೋಡಿದರು. ಪರಿಣಾಮ, ಚುಕ್ಕಿಯಿಂದ ಶುರುವಾಗೋ ಎಲ್ಲಾ ಫೈಲುಗಳೂ ಮಾಯ. ಪ್ರೋಗ್ರಾಮರುಗಳಿಗೆ ಇದೇ ಅನುಕೂಲ ಅನ್ನಿಸಿ ತಮ್ಮ ಸೆಟ್ಟಿಂಗುಗಳನ್ನೆಲ್ಲಾ ಅಲ್ಲಿ ತುರುಕೋಕೆ ಶುರು ಮಾಡಿದರು.

ಆ ಗದ್ದಲಕ್ಕೆ ಒಂದು ಶಿಸ್ತು ತರೋ ಪ್ರಯತ್ನ 2003ರಲ್ಲಿ ಆಯ್ತು. ಎಕ್ಸ್‌ಡಿಜಿ ಅನ್ನೋ ಒಪ್ಪಂದದ ಪ್ರಕಾರ ಸೆಟ್ಟಿಂಗು ‘.ಕಾನ್ಫಿಗ್’ನಲ್ಲಿ, ಉಳಿದ ಮಾಹಿತಿ ‘.ಲೋಕಲ್’ನಲ್ಲಿ, ಕಳೆದುಹೋದ್ರೂ ಪರವಾಗಿಲ್ಲ ಅನ್ನೋದು ‘.ಕ್ಯಾಶ್’ನಲ್ಲಿ. ಎಲ್ಲರೂ ಪಾಲಿಸಲಿಲ್ಲ ಅನ್ನೋದು ಬೇರೆ ಮಾತು. ಗ್ನೋಮ್‌ನವರು ಮೊದಲು ಜಿಕಾನ್ಫ್ ಅಂತ ಓದೋಕೆ ಬರೋ ಫೈಲುಗಳಲ್ಲಿ ಇಡ್ತಿದ್ದರು. 2011ರಲ್ಲಿ ಗ್ನೋಮ್ 3 ಬಂದಾಗ ಡಿಕಾನ್ಫ್ ಅನ್ನೋ ಒಂದೇ ಬೈನರಿ ಫೈಲಿಗೆ ಬದಲಾಯಿಸಿದರು. ಐಬಸ್‌ನಲ್ಲಿ ನಾವು ಆರಿಸೋ ಕನ್ನಡ ಲೇಔಟು ಇರೋದೂ ಈ ಫೈಲಿನಲ್ಲೇ.

ನಮ್ಮ ದೊಡ್ಡಪ್ಪನ ಮಗ, ನಾನು ಅಣ್ಣ ಅಂತೀನಿ, ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದ್ತಿದ್ದಾಗ ಉಬುಂಟು ಸಿಡಿ ಅಂಚೆಯಲ್ಲಿ ಬಿಟ್ಟಿ ಬರ್ತಿತ್ತು. ಶಿಪ್‌ಇಟ್ ಅಂತ ಅದರ ಹೆಸರು, 2005ರಿಂದ 2011ರವರೆಗೆ ಇತ್ತು. ಆಗ ತಂತ್ರಾಂಶ ಅಂದ್ರೆ ಡೆಬ್ ಪ್ಯಾಕೇಜು, ಬೇರೆ ಯೋಚನೆ ಇಲ್ಲ. ಬ್ಯಾಕಪ್ಪೂ ಸರಳ. ಹೋಮ್ ಫೋಲ್ಡರನ್ನ ಚುಕ್ಕಿ ಸಮೇತ ನಕಲು ಮಾಡಿ, ಪ್ಯಾಕೇಜುಗಳ ಪಟ್ಟಿ ಬರೆದಿಟ್ಟುಕೊಂಡ್ರೆ ಮುಗೀತು. ಡೆಬ್‌ನಲ್ಲಿ ತಂತ್ರಾಂಶವನ್ನ ಪೂರ್ತಿ ಕಿತ್ತುಹಾಕಿದ್ರೂ ನಿಮ್ಮ ಹೋಮ್ ಫೋಲ್ಡರನ್ನ ಅದು ಮುಟ್ಟಲ್ಲ. ಇದು ಬಹಳ ದೊಡ್ಡ ಗುಣ ಅಂತ ನನ್ನ ಅಭಿಪ್ರಾಯ.

ಬೇರೆ ದಾರಿ ಹುಡುಕೋರು ಆಗಲೂ ಇದ್ದರು. ಸೈಮನ್ ಪೀಟರ್ 2004ರಲ್ಲಿ ಶುರು ಮಾಡಿದ ಕ್ಲಿಕ್ ಮುಂದೆ ಆಪ್‌ಇಮೇಜ್ ಆಯ್ತು. ಒಂದು ತಂತ್ರಾಂಶಕ್ಕೆ ಒಂದೇ ಫೈಲು. ಆದರೆ ನಿಜವಾದ ತಿರುವು 2016. ಉಬುಂಟು 16.04ರ ಜೊತೆ ಸ್ನ್ಯಾಪ್ ಬಂತು. ಅಲೆಕ್ಸಾಂಡರ್ ಲಾರ್ಸನ್ ಕಟ್ಟಿದ ಎಕ್ಸ್‌ಡಿಜಿ-ಆಪ್ ಅದೇ ವರ್ಷ ಫ್ಲಾಟ್‌ಪ್ಯಾಕ್ ಅಂತ ಹೆಸರು ಬದಲಿಸಿತು. ಎರಡರ ಮೂಲ ವಿಚಾರವೂ ಒಂದೇ, ಪ್ರತಿ ತಂತ್ರಾಂಶವನ್ನೂ ಅದರದೇ ಪೆಟ್ಟಿಗೆಯಲ್ಲಿ ಕೂಡಿಹಾಕೋದು. ಸುರಕ್ಷತೆಗೆ ಒಳ್ಳೇದೇ. ಆದರೆ ಸೆಟ್ಟಿಂಗೂ ಪೆಟ್ಟಿಗೆಯೊಳಗೆ ಹೋಯ್ತು! ಫ್ಲಾಟ್‌ಪ್ಯಾಕಿನದು ‘.ವಾರ್’ ಫೋಲ್ಡರಿನಲ್ಲಿ, ಸ್ನ್ಯಾಪಿನದು ‘ಸ್ನ್ಯಾಪ್’ ಅನ್ನೋ ಫೋಲ್ಡರಿನಲ್ಲಿ (ಇದಕ್ಕೆ ಮಾತ್ರ ಚುಕ್ಕಿಯೇ ಇಲ್ಲ, ರಾಜಾರೋಷವಾಗಿ ಎದುರಿಗೇ ಕೂತಿರುತ್ತೆ :) ).

ಇದೆಲ್ಲಾ ಎಷ್ಟು ಕಾಡುತ್ತೆ ಅಂತ ಗೊತ್ತಾಗೋದು ಖಾನಾಪುರದಲ್ಲಿರೋ ನಮ್ಮ ಕಾಕಾನಂಥವರ ಕಂಪ್ಯೂಟರಿನಲ್ಲಿ. ಕಾಕಾ ನಿವೃತ್ತ ಮಾಸ್ತರು. ತಾಲ್ಲೂಕಿನ ಇತಿಹಾಸ ಬರೀತಾರೆ: ಹಲಸಿಯ ಕದಂಬರು, ಭೂವರಾಹ ನರಸಿಂಹ ಗುಡಿ, 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣ. ಬೆರಳು ನೋವು ಅಂತ ಲಿಬ್ರೆ ಆಫೀಸಿನ ಆಟೋಕರೆಕ್ಟಿನಲ್ಲಿ ವರ್ಷಗಟ್ಟಲೆ ಗಿಡ್ಡ ರೂಪಗಳನ್ನ ಕೂಡಿಸಿಟ್ಟಿದ್ದರು. ‘ಹಕತಾ’ ಅಂತ ಹೊಡೆದು ಸ್ಪೇಸ್ ಒತ್ತಿದ್ರೆ ‘ಹಲಸಿಯ ಕದಂಬರ ತಾಮ್ರಪಟ’ ಅಂತ ಬರ್ತಿತ್ತು. (ಕದಂಬರು ತಾಮ್ರದ ಮೇಲೆ ಬರೆಸಿದ್ದು ಸಾವಿರದೈನೂರು ವರ್ಷ ಆದ್ರೂ ಓದೋಕೆ ಸಿಗುತ್ತೆ, ಯಾವ ಬ್ಯಾಕಪ್ಪೂ ಇಲ್ಲದೆ!)

2024ರ ಮಳೆಗಾಲದಲ್ಲಿ ಒಂದಿನ ಫೋನು. “ತಮ್ಮಾ, ಹೊಸಾ ಆಫೀಸ್ ಹಾಕ್ಕೊಂಡೆ ನೋಡು, ನನ್ನ ಅಕ್ಷರ ಎಲ್ಲಾ ಎತ್ತ ಹೋದ್ವೋ ಏನೋ. ಒಂದೂ ಬಿಚ್ಚವಲ್ದು.”

“ಹಳೇದು ತೆಗದ್ರೇನು ಕಾಕಾ?”

“ಇಲ್ಲಪಾ, ಎರಡೂ ಅದಾವು.”

ಭಾನುವಾರ ಬಸ್ ಹಿಡಿದು ಹೋದೆ. ಉಬುಂಟುವಿನ ಆಪ್ ಸೆಂಟರ್ ಮೊದಲು ತೋರಿಸೋದು ಸ್ನ್ಯಾಪನ್ನೇ, ಕಾಕಾ ಅದನ್ನೇ ಹಾಕಿಕೊಂಡಿದ್ದರು. ಹಳೇ ಗಿಡ್ಡ ರೂಪಗಳ ಫೈಲು ‘.ಕಾನ್ಫಿಗ್’ನಲ್ಲಿ ಹಾಗೇ ಇತ್ತು. ಆದರೆ ಹೋಮ್ ಫೋಲ್ಡರಿನಲ್ಲಿ ಚುಕ್ಕಿಯಿಂದ ಶುರುವಾಗೋದನ್ನ ಸ್ನ್ಯಾಪ್ ತಂತ್ರಾಂಶಗಳು ಸಾಮಾನ್ಯವಾಗಿ ಮುಟ್ಟೋ ಹಾಗಿಲ್ಲ, ಅದು ಸ್ನ್ಯಾಪಿನ ಕಾನೂನು. ಯಾವತ್ತೋ ಅವಸರದಲ್ಲಿ ಬರೆದ ಒಂದು ಸಾಲು ಇವತ್ತು ಗೋಡೆಯಾಗಿ ನಿಂತಿದೆ! ಉಬುಂಟು 22.04ರಲ್ಲಿ ಫೈರ್‌ಫಾಕ್ಸ್ ಸ್ನ್ಯಾಪಿಗೆ ಬದಲಾದಾಗ ಹಳೇ ಪ್ರೊಫೈಲ್ ಓದೋಕೆ ಅದಕ್ಕೆ ವಿಶೇಷ ಅನುಮತಿ ಕೊಟ್ಟಿದ್ದರು, ಹಾಗಾಗಿ ಜನಕ್ಕೆ ಗೊತ್ತಾಗಲಿಲ್ಲ. ಆದರೆ ಹಳೇ ಫೋಲ್ಡರು ಅಲ್ಲೇ ಉಳಿಯುತ್ತೆ. ಕಾಕಾನ ಕಂಪ್ಯೂಟರಿಗೆ ಅಣ್ಣ ಬರೆದುಕೊಟ್ಟಿದ್ದ ಬ್ಯಾಕಪ್ ಸ್ಕ್ರಿಪ್ಟು ಪ್ರತಿ ವಾರ ಪಾಪ ಆ ಸತ್ತ ಫೋಲ್ಡರನ್ನೇ ನಕಲು ಮಾಡ್ತಿತ್ತು. ಒಂದೂ ಎರರ್ ಇಲ್ಲ, ಹಳೇ ಬುಕ್‌ಮಾರ್ಕು ಮಾತ್ರ. ಸದ್ಯ, ಡಿಸ್ಕ್ ಹೋಗೋ ಮೊದಲೇ ಗೊತ್ತಾಯ್ತು.

ಸ್ನ್ಯಾಪ್ ಕಿತ್ತು ಡೆಬ್ ಆಫೀಸನ್ನೇ ಉಳಿಸಿದೆ. ‘ಹಕತಾ’ ಮತ್ತೆ ಬಿಚ್ಚಿಕೊಂಡಿತು. ಖಾನಾಪುರದ ಮಳೆಗೆ ಕರೆಂಟೂ ಇಲ್ಲ, ನೆಟ್ಟೂ ಇಲ್ಲ. ಅಲ್ಲಿ ಫ್ಲಾಟ್‌ಪ್ಯಾಕ್ ಹಾಕೋಣ ಅಂದ್ರೆ ಮೊದಲ ಸಲ ನೂರಾರು ಎಂಬಿಯ ರನ್‌ಟೈಮ್ ಇಳಿಸಬೇಕು. ಬೆಳಗಾವಿಯಲ್ಲಿ ನನ್ನ ಲ್ಯಾಪ್‌ಟಾಪಿನಲ್ಲಿ ನಾನು ಫ್ಲಾಟ್‌ಪ್ಯಾಕ್ ಧಾರಾಳವಾಗಿ ಬಳಸ್ತೀನಿ. ತಂತ್ರಾಂಶ ತೆಗೆದ್ರೂ, ನಾವಾಗೇ ಅಳಿಸು ಅನ್ನದಿದ್ರೆ ಮಾಹಿತಿ ‘.ವಾರ್’ನಲ್ಲಿ ಉಳಿಯುತ್ತೆ. ಸ್ನ್ಯಾಪ್ ತೆಗೆದ್ರೆ ಒಂದು ಸ್ನ್ಯಾಪ್‌ಶಾಟ್ ಇಟ್ಟುಕೊಳ್ಳುತ್ತೆ, ಅದೂ 31 ದಿನ ಮಾತ್ರ.

ಗೆಳೆಯರೇ, ಟೈಮ್‌ಶಿಫ್ಟ್ ಇದೆ ಅಂತ ನಿಶ್ಚಿಂತೆಯಿಂದ ಇರಬೇಡಿ, ಅದು ಹೋಮ್ ಫೋಲ್ಡರನ್ನ ತಾನಾಗಿ ತಗೊಳ್ಳಲ್ಲ. ದೇಜಾ ಡಪ್ ಚುಕ್ಕಿ ಫೋಲ್ಡರುಗಳನ್ನೂ ತಗೊಳ್ಳುತ್ತೆ. ಸ್ಕ್ರಿಪ್ಟ್ ಬರೆಯೋರು ‘ಸ್ನ್ಯಾಪ್’ ಮತ್ತು ‘.ವಾರ್’ ಎರಡನ್ನೂ ಸೇರಿಸಿ, ‘.ಕ್ಯಾಶ್’ ಬಿಡಿ. ಸ್ನ್ಯಾಪಿನೊಳಗಿನ ‘ಕರೆಂಟ್’ ಅನ್ನೋದು ನಿಜವಾದ ಫೋಲ್ಡರಲ್ಲ, ಬರೀ ಕೊಂಡಿ. ಅದೊಂದನ್ನೇ ನಕಲು ಮಾಡಿದ್ರೆ ಕೈಗೆ ಏನೂ ಸಿಗಲ್ಲ. ಡಿಕಾನ್ಫನ್ನ ಡಂಪ್ ಕಮಾಂಡಿನಿಂದ ಪಠ್ಯ ಫೈಲಾಗಿ ತೆಗೆದಿಟ್ಟರೆ ಓದೋಕೂ ಬರುತ್ತೆ. ಪೆನ್‌ಡ್ರೈವ್ ಇಎಕ್ಸ್‌ಟಿ4ನಲ್ಲಿರಲಿ, ಫ್ಯಾಟ್‌ನಲ್ಲಿ ಇಂಥ ಕೊಂಡಿಗಳೂ ಫೈಲಿನ ಅನುಮತಿಗಳೂ ಉಳಿಯಲ್ಲ.

ಕಾಕಾನಿಗೆ ಅಂಥವು ಎರಡು ಮಾಡಿಕೊಟ್ಟಿದ್ದೀನಿ. ಒಂದು ಅವರ ಟ್ರಂಕಿನಲ್ಲಿ, ಇನ್ನೊಂದು ಬೆಳಗಾವಿಯಲ್ಲಿ ನನ್ನ ಹತ್ರ. ಅವರು ಸಂತೆಗೋ ಮದುವೆಗೋ ಈ ಕಡೆ ಬಂದಾಗ ಅದಲು ಬದಲು ಮಾಡ್ಕೋತೀವಿ.