ಆನೆಕಾಲು ರೋಗ: ಹಳೆಯ ಮೂರು ಮಾತ್ರೆಗಳ ಹೊಸ ಪರೀಕ್ಷೆ

ಆನೆಕಾಲು ರೋಗ ಜೀವ ತೆಗೆಯುವುದು ಅಪರೂಪ, ದುಡಿಯುವ ಕಾಲನ್ನು ಕಸಿಯುವುದೇ ಹೆಚ್ಚು. ರಾಯಚೂರು, ಯಾದಗಿರಿ, ಕಲಬುರಗಿ, ಬೀದರ್ ಜಿಲ್ಲೆಗಳು ಈ ರೋಗದ ಹಳೆಯ ನೆಲೆಗಳು. ಮಾನ್ವಿ ಸೀಮೆಯ ಕಲ್ಲೂರಿನಂಥ ಊರುಗಳಿಗೂ ಇದು ಹೊಸ ಹೆಸರಲ್ಲ.

ರೋಗ ಹರಡುವ ಬಗೆ

ಇದಕ್ಕೆ ಮುಖ್ಯ ಕಾರಣ ವುಚೆರೇರಿಯಾ ಬ್ಯಾಂಕ್ರಾಫ್ಟಿ ಎಂಬ ದಾರದಂಥ ಹುಳು. ಚರಂಡಿಯ ಕೊಳಚೆ ನೀರಿನಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆ ಅದನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುತ್ತದೆ. ದೊಡ್ಡ ಹುಳುಗಳು ದುಗ್ಧನಾಳಗಳಲ್ಲಿ ವರ್ಷಗಟ್ಟಲೆ ಬದುಕುತ್ತವೆ. ಅವುಗಳ ಮರಿಗಳು ರಾತ್ರಿ ಹೊತ್ತು ರಕ್ತದಲ್ಲಿ ಓಡಾಡುತ್ತವೆ. ಅದಕ್ಕೇ ಆರೋಗ್ಯ ಸಿಬ್ಬಂದಿ ರಾತ್ರಿ ರಕ್ತಲೇಪನ ತೆಗೆಯುತ್ತಾರೆ.

ಲಾಭವಿಲ್ಲದ ಸಂಶೋಧನೆ

ಈ ರೋಗಕ್ಕೆ ಕೊಡುವ ಮೂರು ಮಾತ್ರೆಗಳಲ್ಲಿ ಡಿಇಸಿ (ಡೈಈಥೈಲ್‌ಕಾರ್ಬಮಜೀನ್) 1940ರ ದಶಕದ ಔಷಧ. ಆಂಧ್ರ ಮೂಲದ ವಿಜ್ಞಾನಿ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಮುನ್ನಡೆಸಿದ ತಂಡದ ಕೊಡುಗೆ ಅದು. ಆಲ್ಬೆಂಡಜೋಲ್, ಐವರ್‌ಮೆಕ್ಟಿನ್ ಕೂಡ ಹಳೆಯವೇ. ಇವನ್ನು ದಾನವಾಗಿ ಕೊಡಲು ಕಂಪನಿಗಳು ಮುಂದೆ ಬಂದಿವೆ. ಆದರೆ ಪೇಟೆಂಟ್ ಮುಗಿದ ಅಗ್ಗದ ಮಾತ್ರೆಗಳನ್ನು ಒಟ್ಟಿಗೆ ನುಂಗಿಸಿದರೆ ಏನಾಗುತ್ತದೆ ಎಂಬ ದುಬಾರಿ ಪರೀಕ್ಷೆಗೆ ಹಾಕಿದ ಹಣ ಮಾರಾಟದಿಂದ ಮರಳುವುದಿಲ್ಲ. ಆ ವೆಚ್ಚವನ್ನು ಲಾಭದ ಉದ್ದೇಶವಿಲ್ಲದ ಗೇಟ್ಸ್ ಪ್ರತಿಷ್ಠಾನ ವಹಿಸಿತು. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯ ಅಧ್ಯಯನದ ನೇತೃತ್ವ ವಹಿಸಿತು.

ಯಾದಗಿರಿಯ ಅಧ್ಯಯನ

ಹೈಟಿ, ಫಿಜಿ, ಇಂಡೋನೇಷ್ಯಾ, ಪಪುವಾ ನ್ಯೂಗಿನಿ ಮತ್ತು ಭಾರತದಲ್ಲಿ ಒಟ್ಟು 26,000ಕ್ಕೂ ಹೆಚ್ಚು ಜನರ ಮೇಲೆ ಸುರಕ್ಷತೆಯ ಪರೀಕ್ಷೆ ನಡೆಯಿತು. ಭಾರತದ ಪಾಲಿಗೆ ಆಯ್ಕೆಯಾದದ್ದು ದೇವದುರ್ಗದಿಂದ ಕೃಷ್ಣೆ ದಾಟಿದರೆ ಸಿಗುವ ಯಾದಗಿರಿ ಜಿಲ್ಲೆ. ಪುದುಚೇರಿಯ ರೋಗವಾಹಕ ನಿಯಂತ್ರಣ ಸಂಶೋಧನಾ ಕೇಂದ್ರ ಇಲ್ಲಿ ಕೆಲವರಿಗೆ ಡಿಇಸಿ, ಆಲ್ಬೆಂಡಜೋಲ್ ಎಂಬ ಎರಡು ಔಷಧ, ಕೆಲವರಿಗೆ ಐವರ್‌ಮೆಕ್ಟಿನ್ ಸೇರಿಸಿ ಮೂರು ಔಷಧ ಕೊಟ್ಟು ಹೋಲಿಸಿತು. ಮೂರು ಔಷಧಗಳ ಕೂಟ ಎರಡರಷ್ಟೇ ಸುರಕ್ಷಿತ ಎಂದು ಕಂಡಿತು. ರಕ್ತದಲ್ಲಿನ ಮರಿಹುಳುಗಳನ್ನು ತೊಡೆಯುವುದರಲ್ಲಿ ಅದು ಹೆಚ್ಚು ಪರಿಣಾಮಕಾರಿಯೂ ಆಗಿತ್ತು.

ಪರಿಣಾಮ

ಮೂರು ಔಷಧಗಳ ಪದ್ಧತಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಶಿಫಾರಸು ಮಾಡಿತು, ಭಾರತ 2018ರಲ್ಲಿ ಆರಂಭಿಸಿತು. ಎರಡು ಔಷಧಗಳನ್ನು ಕನಿಷ್ಠ 5 ವರ್ಷ ಕೊಡಬೇಕಿದ್ದ ಕಡೆ ಈಗ ವರ್ಷಕ್ಕೊಂದರಂತೆ 2–3 ಸುತ್ತು ಸಾಕಾಗಬಹುದು.

ಜನರು ತಿಳಿದಿರಬೇಕಾದದ್ದು

ಮಾತ್ರೆ ನುಂಗಿದ ಮೇಲೆ ಕೆಲವರಿಗೆ ಜ್ವರ, ತಲೆನೋವು ಬರುವುದು ಸಾಮಾನ್ಯವಾಗಿ ಹುಳುಗಳು ಸಾಯುತ್ತಿರುವುದರಿಂದ. ಗರ್ಭಿಣಿಯರು, 2 ವರ್ಷದೊಳಗಿನ ಮಕ್ಕಳು, ತೀವ್ರ ಕಾಯಿಲೆಯವರು ಈ ಯಾವ ಮಾತ್ರೆಯನ್ನೂ ತೆಗೆದುಕೊಳ್ಳಬಾರದು. ಒಮ್ಮೆ ಊದಿ ಗಟ್ಟಿಯಾದ ಕಾಲನ್ನು ಈ ಮಾತ್ರೆ ಮೊದಲಿನಂತೆ ಮಾಡಲಾರದು. ಆದ್ದರಿಂದ ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಮಾತ್ರೆಯನ್ನು ತೆಗೆದಿಡದೆ, ಊಟವಾದ ಮೇಲೆ ಅವರೆದುರೇ ನುಂಗಿ.